ಊರೆಂದರೆ ಯಾವುದು?

‘ನಿಮ್ಮ ಊರು ಯಾವುದು?’ ಎಂಬ ಪ್ರಶ್ನೆಗೆ ಉತ್ತರ ಕೊಡದವರಿಲ್ಲ. ‘ಊರೆಂದರೆ ಯಾವುದು?’ ಎಂದು ಕೇಳಿದರೆ ಮಾತ್ರ ಉತ್ತರವು ಅಷ್ಟು ಸುಲಭವಾಗಿ ಹೊಳೆಯದು. ಬಯಲುಸೀಮೆಯಲ್ಲಿ ಊರು ಕಣ್ಣಿಗೆ ಕಾಣುವ ವಸ್ತು. ಅಗಸೆಯ ಬಾಗಿಲು, ಒತ್ತೊತ್ತಾಗಿ ನಿಂತ ಮನೆಗಳು, ನಡುವೆ ಗುಡಿ, ಅರಳಿಕಟ್ಟೆ, ಸುತ್ತಲೂ ಹೊಲ. ಇಷ್ಟನ್ನು ಕಂಡ ಪ್ರಯಾಣಿಕನು ‘ಇದೊಂದು ಊರು’ ಎಂದು ದೂರದಿಂದಲೇ ಹೇಳಬಲ್ಲನು. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಹಾಗೆ ಹೇಳುವಂತಿಲ್ಲ. ಪೇಟೆಗಳನ್ನು ಬಿಟ್ಟರೆ ಇಲ್ಲಿ ಮನೆಗೆ ಮನೆ ತಾಗಿಕೊಂಡಿರುವುದು ಅಪೂರ್ವ. ಗುಡ್ಡದ ಇಳಿಜಾರಿನಲ್ಲೊಂದು ಮನೆ, ಗದ್ದೆಯ ಅಂಚಿನಲ್ಲೊಂದು, ತೋಟದ ಮರೆಯಲ್ಲಿ ಇನ್ನೊಂದು. ಒಂದು ಗ್ರಾಮವು ಎಲ್ಲಿ ಮುಗಿದು ಮತ್ತೊಂದು ಎಲ್ಲಿ ಆರಂಭವಾಯಿತೆಂಬುದು ಹೊಸಬನಿಗೆ ತಿಳಿಯುವುದೇ ಇಲ್ಲ. ಆದರೂ ಇಲ್ಲಿಯವರಿಗೆ ತಮ್ಮ ಊರಿನ ಎಲ್ಲೆ ಗೊತ್ತು. ಊರಿನ ಅಭಿಮಾನವೂ ಉಂಟು. ಹೀಗೆ ಚದರಿ ನಿಂತ ಮನೆಗಳನ್ನು ಒಂದು ಊರಾಗಿ ಹಿಡಿದಿಟ್ಟುದು ಯಾವುದು? ಆ ಹಿಡಿತವು ಇಂದಿಗೂ ಗಟ್ಟಿಯಾಗಿದೆಯೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಮೊದಲು ನೆಲದ ರೀತಿಯನ್ನು ನೋಡಬೇಕು. ಪೂರ್ವಕ್ಕೆ ಪಶ್ಚಿಮಘಟ್ಟಗಳ ಗೋಡೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಇವೆರಡರ ನಡುವೆ ಇರುವುದು ಸಮತಟ್ಟಾದ ಬಯಲಲ್ಲ, ಅಲೆಯಲೆಯಾಗಿ ಏರಿ ಇಳಿಯುವ ಗುಡ್ಡಗಳ ನಾಡು. ಗುಡ್ಡಗಳ ಮೈಯೆಲ್ಲ ಮುರಕಲ್ಲು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಇಲ್ಲಿ ಸುರಿಯುತ್ತದೆ; ಅದರ ಬಹುಭಾಗವು ಜೂನ್ ತಿಂಗಳಿಂದ ಸೆಪ್ಟೆಂಬರ್ ತಿಂಗಳವರೆಗಿನ ನಾಲ್ಕೇ ತಿಂಗಳುಗಳಲ್ಲಿ ಬೀಳುತ್ತದೆ. ಆ ನೀರು ತೋಡುಗಳಲ್ಲಿ ಹರಿದು, ಹೊಳೆಗಳನ್ನು ಸೇರಿ, ನೇತ್ರಾವತಿ ಮತ್ತು ಫಲ್ಗುಣಿ ನದಿಗಳ ಮೂಲಕ ಮಂಗಳೂರಿನ ಬಳಿ ಕಡಲನ್ನು ಕೂಡುತ್ತದೆ. ಎರಡು ಗುಡ್ಡಗಳ ನಡುವಣ ತಗ್ಗಿನಲ್ಲಿ ಸದಾ ತೇವವಿರುವ ಗದ್ದೆಗೆ ‘ಬೈಲು’ ಎಂದು ಹೆಸರು. ಅದಕ್ಕಿಂತ ಮೇಲಿನದು ‘ಮಜಲು’. ಇನ್ನೂ ಮೇಲೆ, ಮಳೆಯನ್ನೇ ನಂಬಿದ ಗದ್ದೆ ‘ಬೆಟ್ಟು’. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳು, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಒಂದೇ. ಗದ್ದೆಯು ಹೀಗೆ ಕಣಿವೆಕಣಿವೆಗೆ ಹಂಚಿಹೋದುದರಿಂದ, ಅದನ್ನು ಕಾಯುವವನ ಮನೆಯೂ ಅದರ ಮಗ್ಗುಲಿಗೇ ಹೋಯಿತು. ಇಲ್ಲಿಯ ಊರು ಚದರಿದಂತೆ ಕಾಣುವುದಕ್ಕೆ ಜನರ ಸ್ವಭಾವಕ್ಕಿಂತಲೂ ನೆಲದ ಸ್ವಭಾವವೇ ಕಾರಣ.

ಇದನ್ನು ಗಮನಿಸಿ ಬರೆದಿಟ್ಟ ಹೊರಗಿನವರಲ್ಲಿ ಫ್ರಾನ್ಸಿಸ್ ಬುಕನನ್ ಮುಖ್ಯನಾದವನು. ಸ್ಕಾಟ್ಲೆಂಡಿನ ಈ ವೈದ್ಯನನ್ನು, 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ, ಹೊಸದಾಗಿ ಕೈಸೇರಿದ ಸೀಮೆಗಳ ಸ್ಥಿತಿಗತಿಯನ್ನು ತಿಳಿದು ಬರಲೆಂದು ಈಸ್ಟ್ ಇಂಡಿಯಾ ಕಂಪೆನಿಯು ಕಳುಹಿಸಿತು. 1801ರಲ್ಲಿ ಅವನು ಮಂಗಳೂರಿನಿಂದ ಹೊರಟು, ನೇತ್ರಾವತಿಯ ಬದಿಯಿಂದ ಬೆಳ್ತಂಗಡಿಗೆ ಬಂದು, ವೇಣೂರು, ಮೂಡುಬಿದಿರೆಗಳ ದಾರಿಯಾಗಿ ಕಾರ್ಕಳಕ್ಕೆ ಹೋದನು. ಬೈಲು, ಮಜಲು, ಬೆಟ್ಟು ಎಂಬ ಮಾತುಗಳು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ದಾಖಲಾಗಿವೆ. ಮುರಕಲ್ಲಿಗೆ ‘ಲ್ಯಾಟರೈಟ್’ ಎಂಬ ಶಾಸ್ತ್ರೀಯ ನಾಮವನ್ನು ಇತ್ತವನೂ ಅವನೇ. ನೆಲದಿಂದ ಕಡಿದು ತೆಗೆಯುವಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕಲ್ಲನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅವನು ಆ ಹೆಸರನ್ನು ಕಟ್ಟಿದನು. ಇಂದು ಪ್ರಪಂಚದ ಭೂಗರ್ಭಶಾಸ್ತ್ರಜ್ಞರೆಲ್ಲ ಬಳಸುವ ಆ ಪದದ ಹಿಂದೆ ಇಂಥ ಮುರಕಲ್ಲಿನ ಮನೆಗೋಡೆಗಳಿವೆಯೆಂಬುದು ಗಮನಾರ್ಹ.

ನೆಲವು ಊರಿನ ರೂಪವನ್ನು ನಿರ್ಧರಿಸಿದಂತೆ ಹೆಸರನ್ನೂ ನಿರ್ಧರಿಸಿದೆ. ಕಲ್ಲಡ್ಕ, ಅಡ್ಯನಡ್ಕ ಮುಂತಾದ ಹೆಸರುಗಳಲ್ಲಿರುವ ‘ಅಡ್ಕ’ವು ಗುಡ್ಡದ ಮೇಲಣ ಬರಿದಾದ ಬಯಲನ್ನು ಸೂಚಿಸುತ್ತದೆ. ಗುರುವಾಯನಕೆರೆಯ ಹೆಸರಿನಲ್ಲಿ ಕೆರೆಯಿದೆ. ಮಿತ್ತಬಾಗಿಲೆಂದರೆ ತುಳುವಿನಲ್ಲಿ ಮೇಲಿನ ಬಾಗಿಲು. ಮೂಡುಬಿದಿರೆ, ವೇಣೂರು ಎರಡರಲ್ಲಿಯೂ ಬಿದಿರು ಅಡಗಿದೆ. ಬೆಳ್ತಂಗಡಿ, ಉಪ್ಪಿನಂಗಡಿಗಳು ಅಂಗಡಿ ಹೂಡಿದ ವ್ಯಾಪಾರಿಗಳನ್ನು ನೆನಪಿಗೆ ತರುತ್ತವೆ. ಇದೇ ಸಾಲಿಗೆ ಬಿ.ಸಿ. ರೋಡನ್ನೂ ಸೇರಿಸಬೇಕು. ಒಂದು ಕಾಲದಲ್ಲಿ ಘಟ್ಟದಿಂದ ಇಳಿದ ಸರಕು ಬಂಟ್ವಾಳದ ಪೇಟೆಯಲ್ಲಿ ದೋಣಿಯನ್ನೇರಿ ಮಂಗಳೂರಿಗೆ ಹೋಗುತ್ತಿತ್ತು. ನದಿಯ ದಾರಿ ಹಿಂದಾಗಿ ರಸ್ತೆಯ ದಾರಿ ಮುಂದಾದಾಗ, ಬಂಟ್ವಾಳ ಕ್ರಾಸ್ ರೋಡ್ ಎಂಬ ಕೂಡುರಸ್ತೆಯ ಸುತ್ತ ಹೊಸ ಪೇಟೆ ಬೆಳೆಯಿತು. ಎರಡು ಇಂಗ್ಲಿಷ್ ಅಕ್ಷರಗಳೇ ಅದರ ಹೆಸರಾದುವು. ಸಾರಿಗೆಯ ಇತಿಹಾಸವೆಲ್ಲ ಆ ಹೆಸರಿನಲ್ಲಿದೆ. ಇನ್ನೊಂದು ವಿಶೇಷವೆಂದರೆ ಇಲ್ಲಿ ಒಂದು ಊರಿಗೆ ಒಂದೇ ಹೆಸರಲ್ಲ. ಮೂಡುಬಿದಿರೆಯು ತುಳುವಿನಲ್ಲಿ ‘ಬೆದ್ರ’, ಬೆಳ್ತಂಗಡಿಯು ‘ಬೊಳ್ತೇರ್’. ಇವರೆಲ್ಲ ಸಂತೆಗೆ ಹೋಗುವ ಮಂಗಳೂರು ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ್, ಬ್ಯಾರಿಗಳಿಗೆ ಮೈಕಾಲ. ಊರು ಒಬ್ಬರ ಸೊತ್ತಲ್ಲವೆಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಕಿಲ್ಲ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ; ಬೆಳೆದ ಊರಿನ ಮಾತು ತುಳು; ಮಕ್ಕಳಿಗೆಂದು ಅವರು ಬರೆದುದು ಕನ್ನಡದಲ್ಲಿ. ಈ ಮೂರರಲ್ಲಿ ಯಾವುದೂ ಅವರಿಗೆ ಪರಕೀಯವಾಗಿರಲಿಲ್ಲ.

ಊರಿನ ಹಿರಿಮೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಸ್ಮಾರಕಗಳ ಕಡೆಗೆ ಕೈತೋರುತ್ತೇವೆ. ಅದರಲ್ಲಿ ತಪ್ಪಿಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯು 1430ರಲ್ಲಿ ನಿರ್ಮಾಣವಾಯಿತು. ಅದರ ಇಳಿಜಾರಾದ ಮಾಡನ್ನು ನೋಡಿದರೆ, ಇದು ಮಳೆಯನ್ನು ಬಲ್ಲ ಶಿಲ್ಪಿಗಳ ಕೆಲಸವೆಂದು ತಿಳಿಯುತ್ತದೆ. ಮಂಟಪದ ತಳಭಾಗದ ಕೆತ್ತನೆಯಲ್ಲಿ ಆಫ್ರಿಕದ ಜಿರಾಫೆಯೂ ಚೀನದ ಮಾದರಿಯ ಡ್ರ್ಯಾಗನ್ ಕೂಡ ಇವೆ. ಗುಡ್ಡಗಳ ನಡುವಣ ಈ ಊರಿನ ಕಣ್ಣು ಕಡಲಾಚೆಗೂ ಹರಿದಿತ್ತು. ಧವಲಾ ಮುಂತಾದ ಜೈನ ಸಿದ್ಧಾಂತ ಗ್ರಂಥಗಳ ತಾಳೆಯೋಲೆಯ ಪ್ರತಿಗಳು ಶತಮಾನಗಳ ಕಾಲ ಉಳಿದುಬಂದುದು ಇಲ್ಲಿಯೇ. ‘ಭರತೇಶ ವೈಭವ’ದ ಕವಿ ರತ್ನಾಕರವರ್ಣಿಯ ಊರೂ ಇದೇ. ವೇಣೂರಿನಲ್ಲಿ ಫಲ್ಗುಣಿಯ ದಂಡೆಯ ಮೇಲೆ ಅಜಿಲ ವಂಶದ ತಿಮ್ಮಣ್ಣನು 1604ರಲ್ಲಿ ಗೊಮ್ಮಟನನ್ನು ನಿಲ್ಲಿಸಿದನು. ಬೆಳ್ತಂಗಡಿಯ ಬಳಿಯ ಗಡಾಯಿಕಲ್ಲಿನ ಮೇಲೆ ಟಿಪ್ಪು ಸುಲ್ತಾನನು 1794ರಲ್ಲಿ ಕೋಟೆಯನ್ನು ಕಟ್ಟಿಸಿ, ಜಮಾಲಾಬಾದ್ ಎಂದು ಕರೆದನು. 1837ರಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು, ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದ ಕಂಪೆನಿಯ ವಿರುದ್ಧ ಬಂಟ್ವಾಳದ ದಾರಿಯಾಗಿ ನಡೆದು, ಕೆಲವು ದಿನ ಮಂಗಳೂರನ್ನೇ ಹಿಡಿದಿತ್ತು. ನಂದಾವರದ ಬಂಗರಸನು ಆ ದಂಡಿಗೆ ಜೊತೆಯಾಗಿ ಪ್ರಾಣವನ್ನು ತೆತ್ತನು.

ಇವೆಲ್ಲವೂ ಹೆಮ್ಮೆಯ ಸಂಗತಿಗಳೇ. ಆದರೆ ಬಸದಿಯೂ ಕೋಟೆಯೂ ಊರಿನ ಆಭರಣಗಳೇ ಹೊರತು ಊರಿನ ಬೆನ್ನೆಲುಬಲ್ಲ. ಚದರಿದ ಮನೆಗಳನ್ನು ಕೂಡಿಸಿದವು ಬೇರೆ ಎರಡು. ಮೊದಲನೆಯದು ಆಚರಣೆ. ವರ್ಷಕ್ಕೊಮ್ಮೆ ದೈವದ ನೇಮ ನಡೆಯುವಾಗ ಗುತ್ತಿನ ಮನೆಯವರಿಂದ ಹಿಡಿದು ಪಾತ್ರಿ, ಕುಂಬಾರ, ಮಡಿವಾಳರವರೆಗೆ ಪ್ರತಿಯೊಬ್ಬರಿಗೂ ಒಂದು ಕರ್ತವ್ಯವಿರುತ್ತದೆ. ಒಬ್ಬರು ಬಾರದಿದ್ದರೆ ಕಾರ್ಯ ನಿಲ್ಲುತ್ತದೆ. ಬೇರೆಬೇರೆ ಮತದವರು ಒಂದೇ ಆಚರಣೆಯ ಪಾಲುದಾರರಾಗುವುದು ಈ ನಾಡಿಗೆ ಹೊಸತಲ್ಲ. ಧರ್ಮಸ್ಥಳದಲ್ಲಿ ದೇವರು ಶಿವ, ಅರ್ಚಕರು ವೈಷ್ಣವರು, ಧರ್ಮಾಧಿಕಾರಿಗಳು ಜೈನರು, ಕ್ಷೇತ್ರವನ್ನು ಕಾಯುವವು ದೈವಗಳು.

ಎರಡನೆಯದು, ನನ್ನ ಅಭಿಪ್ರಾಯದಲ್ಲಿ ಇನ್ನೂ ಮುಖ್ಯವಾದುದು, ಕೂಡಿ ಮಾಡುವ ದುಡಿಮೆ. ಅದರ ಉತ್ತಮ ನಿದರ್ಶನ ‘ಕಟ್ಟ’. ಮಳೆಗಾಲ ಮುಗಿದು ತೋಡಿನ ನೀರು ಇಳಿಯತೊಡಗಿದಾಗ, ಬೈಲಿನ ರೈತರೆಲ್ಲ ಕಲೆತು, ಕಲ್ಲು, ಮಣ್ಣು, ಅಡಕೆಮರ, ಸೊಪ್ಪುಗಳಿಂದ ತೋಡಿಗೆ ಅಡ್ಡವಾಗಿ ತಾತ್ಕಾಲಿಕವಾದ ಒಡ್ಡನ್ನು ಹಾಕುತ್ತಿದ್ದರು. ನಿಂತ ನೀರು ಸುಗ್ಗಿಗೂ ಕೊಳಕೆಗೂ ಆಗುತ್ತಿತ್ತು. ಎರಡು ದಂಡೆಗಳಲ್ಲಿಯೂ ನೆಲಕ್ಕಿಳಿದು ಬಾವಿಗಳನ್ನು ತುಂಬುತ್ತಿತ್ತು. ಮುಂದಿನ ಮಳೆಗೆ ಒಡ್ಡು ಕೊಚ್ಚಿಹೋಗುತ್ತಿತ್ತು. ಮರುವರ್ಷ ಮತ್ತೆ ಕಟ್ಟಬೇಕು. ಮತ್ತೆ ಎಲ್ಲರನ್ನೂ ಕರೆಯಬೇಕು. ಮೇಲಿನ ಗದ್ದೆಯವನೂ ಕೆಳಗಿನ ಗದ್ದೆಯವನೂ ನೀರಿನ ಪಾಲಿನ ಬಗೆಗೆ ಮಾತನಾಡಿ ಒಪ್ಪಬೇಕು. ಜಗಳವಿದ್ದರೂ ಅದನ್ನು ಅಂದು ಬದಿಗಿಡಬೇಕು. ಕಟ್ಟವು ನೀರನ್ನು ತಡೆದುದು ಆರು ತಿಂಗಳು. ಊರನ್ನು ಹಿಡಿದುದು ವರ್ಷವಿಡೀ.

ಇಂಥ ಊರು ನಮ್ಮಲ್ಲಿ ಮಾತ್ರವೇ ಇರುವುದೆಂದು ತಿಳಿಯಬೇಕಾಗಿಲ್ಲ. ದೂರದ ಐರ್ಲೆಂಡಿನ ಹಳ್ಳಿಗಾಡಿನಲ್ಲಿಯೂ ಮನೆಗಳು ಗುಡ್ಡಬಯಲುಗಳಲ್ಲಿ ಚದರಿಕೊಂಡಿವೆ. ಅಲ್ಲಿಯೂ ಮಳೆ ಹೆಚ್ಚು. ಒಂದು ಚರ್ಚಿಗೆ ಸೇರಿದ ಸೀಮೆಯೇ ಅವರಿಗೆ ಊರು. ಅದರೊಳಗೆ ನಮ್ಮ ಬೈಲು, ಪದವುಗಳಂತೆ ಹೆಸರುಳ್ಳ ಸಣ್ಣ ಸಣ್ಣ ಭಾಗಗಳು. ದೇಶದಲ್ಲೆಲ್ಲ ಅಂಥವು 60,000ಕ್ಕೂ ಹೆಚ್ಚು. ನೆರೆಹೊರೆಯವರು ಕೂಡಿ ಒಬ್ಬನ ಬೆಳೆಯನ್ನು ಕೊಯ್ದುಕೊಡುವುದಕ್ಕೆ ಅವರ ಭಾಷೆಯಲ್ಲಿ ‘ಮೆಹೆಲ್’ ಎನ್ನುತ್ತಾರೆ. ಅದು ನಮ್ಮ ಮುಯ್ಯಾಳಿನ ಪದ್ಧತಿಯೇ. 19ನೆಯ ಶತಮಾನದಲ್ಲಿ ಬ್ರಿಟಿಷರು ಅಲ್ಲಿಯ ನೆಲವನ್ನು ಅಳೆದು ನಕ್ಷೆಗಳನ್ನು ಬರೆದಾಗ, ಐರಿಷ್ ಹೆಸರುಗಳೆಲ್ಲ ಇಂಗ್ಲಿಷಿನ ಉಚ್ಚಾರಕ್ಕೆ ತಿರುಗಿ ಅರ್ಥವನ್ನು ಕಳೆದುಕೊಂಡುವು. 1845ರಿಂದ ಬಂದ ಘೋರ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. ಲಕ್ಷಾಂತರ ಜನ ಹಡಗನ್ನೇರಿ ಹೊರಟುಹೋದರು. ಆ ಬಳಿಕ ಅಲ್ಲಿಯವರು ಊರನ್ನು ಮತ್ತೆ ಕಟ್ಟಿದ ಬಗೆ ಪಾಠವಾಗುವಂತಿದೆ. 1884ರಲ್ಲಿ ದೇಶೀಯ ಆಟಗಳಿಗಾಗಿ ಸ್ಥಾಪಿತವಾದ ಸಂಘವೊಂದು ಊರಿಗೊಂದು ತಂಡವನ್ನು ಕಟ್ಟಿತು. ಹೆಸರುಗಳ ಮೂಲಾರ್ಥವನ್ನು ಹುಡುಕುವ ಕೆಲಸವೂ ನಡೆಯಿತು. ಊರಿನ ಅಭಿಮಾನಕ್ಕೆ ಆಡುವ, ದುಡಿಯುವ, ನೆನೆಯುವ ಕೆಲಸಗಳೇ ಅನ್ನವೆಂಬುದನ್ನು ಅವರು ಕಂಡುಕೊಂಡರು.

ಇಲ್ಲಿ ಒಂದು ಆಕ್ಷೇಪವು ಸಹಜವಾಗಿ ಏಳುತ್ತದೆ. ಹಿಂದಿನ ಊರು ನಿಜವಾಗಿಯೂ ಎಲ್ಲರ ಊರಾಗಿತ್ತೆ? ಗುತ್ತಿನ ಮನೆಯ ವೈಭವವು ಗೇಣಿದಾರನ ಬೆವರಿನ ಮೇಲೆ ನಿಂತಿರಲಿಲ್ಲವೆ? ಈ ಆಕ್ಷೇಪ ನ್ಯಾಯವಾದುದು. ಕಟ್ಟಕ್ಕೆ ಮಣ್ಣು ಹೊತ್ತವರಲ್ಲಿ ಒಪ್ಪಿ ಬಂದವರಂತೆ ಹೆದರಿ ಬಂದವರೂ ಇದ್ದರು. 1974ರ ಭೂಸುಧಾರಣೆಯ ಕಾನೂನು ಗೇಣಿಯನ್ನು ರದ್ದುಗೊಳಿಸಿ, ಉಳುವವನನ್ನು ಒಡೆಯನನ್ನಾಗಿ ಮಾಡಿತು. ಅದರ ಪರಿಣಾಮವು ಗಾಢವಾಗಿ ಕಂಡ ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡವೂ ಒಂದು. ಕೊರಗ ಜನಾಂಗದವರನ್ನು ಹೀನವಾಗಿ ನಡೆಸಿಕೊಳ್ಳುತ್ತಿದ್ದ ‘ಅಜಲು’ ಪದ್ಧತಿಯನ್ನು 2000ದಲ್ಲಿ ಕಾನೂನಿನ ಮೂಲಕ ನಿಷೇಧಿಸಬೇಕಾಯಿತು. ಊರಿನ ಹಬ್ಬದಲ್ಲಿ ಡೋಲು ಬಡಿಯಲು ಬೇಕಾಗಿದ್ದವರು ಊರಿನ ಪಂಕ್ತಿಗೆ ಬೇಡವಾಗಿದ್ದರೆಂಬುದನ್ನು ನಾವು ಮರೆಯಲಾಗದು. ಆದುದರಿಂದ ಹಳೆಯ ಊರನ್ನು ಹಾಗೆಯೇ ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ. ಕೂಡಿ ದುಡಿಯುವ ಗುಣವು ಹಳೆಯ ಊರಿನಿಂದ ಬರಲಿ. ಸಮಾನತೆಯು ಹೊಸ ಕಾನೂನಿನಿಂದ ಬಂದಿದೆ. ಎರಡೂ ಕೂಡಿದಾಗಲೇ ಊರು ಪೂರ್ಣವಾಗುವುದು.

ಕೊರತೆ ಇರುವುದು ಈ ಕೂಡುವಿಕೆಯಲ್ಲಿಯೇ. ಭತ್ತದ ಬೇಸಾಯಕ್ಕೆ ಆಳುಗಳು ಸಿಗುವುದಿಲ್ಲ; ಸಿಕ್ಕರೂ ಖರ್ಚು ಹುಟ್ಟುವುದಿಲ್ಲ. ಗದ್ದೆಗಳು ಅಡಕೆ ತೋಟಗಳಾದುವು. ಗುಡ್ಡಗಳು ರಬ್ಬರಿಗೆ ಹೋದುವು. ರೈತನನ್ನು ದೂರುವಂತಿಲ್ಲ, ಅವನಿಗೂ ಸಂಸಾರವಿದೆ. ಆದರೆ ಗದ್ದೆ ಹೋದಾಗ ಕಟ್ಟವೂ ಹೋಯಿತು. ತೋಟದವನು ತನ್ನ ಕೊಳವೆಬಾವಿಯನ್ನು ತಾನೇ ತೋಡಿಸಿಕೊಂಡನು. ನೆರೆಯವನನ್ನು ಕೇಳುವ ಅಗತ್ಯ ಉಳಿಯಲಿಲ್ಲ. ಇತ್ತ ಜಾತ್ರೆ, ನೇಮ, ಕಂಬಳಗಳ ವೈಭವವು ಹೆಚ್ಚುತ್ತಲೇ ಇದೆ. ಮುಂಬಯಿಯಲ್ಲಿ, ಕೊಲ್ಲಿಯ ದೇಶಗಳಲ್ಲಿ ದುಡಿಯುವವರು ಆ ದಿನಕ್ಕೆಂದು ಊರಿಗೆ ಬರುತ್ತಾರೆ. ಧಾರಾಳವಾಗಿ ಹಣ ಕೊಡುತ್ತಾರೆ. ಒಂದು ರಾತ್ರಿ ಊರು ತುಂಬುತ್ತದೆ, ಮರುದಿನ ಬರಿದಾಗುತ್ತದೆ.

ಇದರ ಫಲವನ್ನು 2019ನೆಯ ವರ್ಷವು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಆ ವರ್ಷ ಮೇ ತಿಂಗಳಲ್ಲಿ ನೇತ್ರಾವತಿಯು ಸೊರಗಿತು. ಬಂಟ್ವಾಳ ತಾಲೂಕಿನ ತುಂಬೆಯ ಅಣೆಕಟ್ಟಿನಿಂದ ನೀರು ಪಡೆಯುವ ಮಂಗಳೂರು ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ನೀರಿನ ಅಭಾವದಿಂದಾಗಿ ಯಾತ್ರೆಯನ್ನು ಕೆಲವು ದಿನ ಮುಂದಕ್ಕೆ ಹಾಕಬೇಕೆಂದು ಧರ್ಮಸ್ಥಳದಿಂದ ಭಕ್ತರಿಗೆ ವಿನಂತಿ ಹೊರಟಿತು. ಮೂರು ತಿಂಗಳು ಕಳೆಯುವುದರೊಳಗೆ, ಆಗಸ್ಟ್ ತಿಂಗಳಲ್ಲಿ, ಅದೇ ನದಿಯ ಮೇಲ್ಭಾಗದಲ್ಲಿ ಘಟ್ಟ ಕುಸಿಯಿತು. ಚಾರ್ಮಾಡಿ, ಮಿತ್ತಬಾಗಿಲು ಮುಂತಾದ ಕಡೆಗಳಲ್ಲಿ ಗದ್ದೆತೋಟಗಳು ಮರಳು ಮರಗಳ ರಾಶಿಯಲ್ಲಿ ಹೂತುಹೋದುವು. ನೆರೆಯು ಇಲ್ಲಿಗೆ ಹೊಸತಲ್ಲ. 1923ರಲ್ಲಿಯೂ 1974ರಲ್ಲಿಯೂ ಬಂಟ್ವಾಳದ ಪೇಟೆ ಮುಳುಗಿತ್ತು. ಆದರೆ 4000 ಮಿಲಿಮೀಟರ್ ಮಳೆಯ ನಾಡಿನಲ್ಲಿ ಒಂದೇ ವರ್ಷ ಬಾಯಾರಿಕೆಯೂ ಪ್ರವಾಹವೂ ಬಂದುದಕ್ಕೆ ಮಳೆಯೊಂದನ್ನೇ ಹೊಣೆಮಾಡುವುದು ಸರಿಯಲ್ಲ. ಬಿದ್ದ ನೀರನ್ನು ತಡೆದು ನಿಲ್ಲಿಸಿ ನೆಲಕ್ಕಿಳಿಸುತ್ತಿದ್ದ ಗದ್ದೆಗಳನ್ನೂ ಕಟ್ಟಗಳನ್ನೂ ಬಿಟ್ಟುಕೊಟ್ಟವರು ನಾವು.

ಹಾಗೆಂದು ನಿರಾಶರಾಗಬೇಕಾಗಿಲ್ಲ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮಾಡುತ್ತಿದ್ದವರು. ತಮ್ಮ ಪಾಲಿಗೆ ಬಂದ ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದರು. ಹಲವು ಸುರಂಗಗಳಲ್ಲಿ ನೀರು ಬರಲಿಲ್ಲ, ಅವರು ಬಿಡಲಿಲ್ಲ. ಕೊನೆಗೆ ನೀರು ಬಂದಿತು, ಗುಡ್ಡ ತೋಟವಾಯಿತು. 2022ರಲ್ಲಿ ಭಾರತ ಸರ್ಕಾರವು ಅವರನ್ನು ಪದ್ಮಶ್ರೀ ಪ್ರಶಸ್ತಿಯಿಂದ ಗೌರವಿಸಿತು. ಮಿತ್ತಬಾಗಿಲಿನ ಬಿ. ಕೆ. ದೇವರಾಯರು ನೂರಕ್ಕೂ ಹೆಚ್ಚು ಭತ್ತದ ತಳಿಗಳನ್ನು ವರ್ಷವರ್ಷವೂ ಬಿತ್ತಿ ಉಳಿಸಿದರು. ತಮ್ಮ ನೆಲವನ್ನು ಬಲ್ಲವರು ಇಂದಿಗೂ ಏನು ಮಾಡಬಹುದೆಂಬುದಕ್ಕೆ ಇವರು ಸಾಕ್ಷಿ. ಒಬ್ಬೊಬ್ಬರೇ ಇಷ್ಟನ್ನು ಸಾಧಿಸಿರುವಾಗ ಒಂದು ಬೈಲಿನವರೆಲ್ಲ ಕೂಡಿದರೆ ಏನು ತಾನೇ ಆಗದು?

ವಿದ್ಯಾರ್ಥಿಗಳು ಇದನ್ನು ಹಿರಿಯರಿಗೆ ಬಿಟ್ಟುಕೊಡಬೇಕಾಗಿಲ್ಲ. ನಿಮ್ಮ ಶಾಲೆಯ ಸುತ್ತಣ ತೋಡುಗಳು ಎಲ್ಲಿ ಹುಟ್ಟುತ್ತವೆ, ಎಲ್ಲಿ ಸೇರುತ್ತವೆ ಎಂಬುದನ್ನು ನಡೆದು ನೋಡಿ, ಒಂದು ನಕ್ಷೆ ಬರೆಯಿರಿ. ಪ್ರತಿಯೊಂದು ಗದ್ದೆಗೂ ಗುಡ್ಡಕ್ಕೂ ಇರುವ ಹೆಸರನ್ನು ಅಜ್ಜ ಅಜ್ಜಿಯರಿಂದ ಕೇಳಿ ಆ ನಕ್ಷೆಯಲ್ಲಿ ಗುರುತಿಸಿರಿ. ಅದನ್ನು ತುಳುವಿನವರು ಹೇಗೆ ಕರೆಯುತ್ತಾರೆ, ಬ್ಯಾರಿಗಳು, ಕೊಂಕಣಿಗರು ಹೇಗೆ ಕರೆಯುತ್ತಾರೆ ಎಂಬುದನ್ನೂ ಬರೆದುಕೊಳ್ಳಿರಿ. ಹಿಂದೆ ಕಟ್ಟ ಹಾಕುತ್ತಿದ್ದ ಸ್ಥಳವನ್ನು ಪತ್ತೆಮಾಡಿರಿ. ಮಳೆ ನಿಂತ ಮೇಲೆ ಒಂದು ದಿನ, ಹಿರಿಯರನ್ನು ಕರೆದುಕೊಂಡು, ಮರಳು ತುಂಬಿದ ಚೀಲಗಳಿಂದಾದರೂ ಅಲ್ಲಿ ಒಂದು ಕಟ್ಟವನ್ನು ಹಾಕಿರಿ. ಮಣ್ಣು ಹೊರುವಾಗ ಯಾವ ಮನೆಯವನು, ಯಾವ ಜಾತಿಯವನು, ಯಾವ ಮತದವನು ಎಂದು ಕೇಳಬೇಡಿರಿ. ಬುತ್ತಿ ಬಿಚ್ಚುವಾಗಲೂ ಕೇಳಬೇಡಿರಿ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮಾತನ್ನು ಉದಾಹರಣೆಯಾಗಿ ಹೇಳಿದೆನಾದರೂ ನಾಡಿನ ಯಾವ ಊರಿಗೂ ಇದು ಸಲ್ಲುತ್ತದೆ. ನಿಮ್ಮ ಊರಿನಲ್ಲಿ ಕಟ್ಟದ ಬದಲು ಕೆರೆಯಿರಬಹುದು, ಕಾಲುವೆಯಿರಬಹುದು, ಗೋಮಾಳವಿರಬಹುದು. ಅದನ್ನು ನೋಡಿಕೊಳ್ಳುವವರು ಯಾರು ಎಂದು ವಿಚಾರಿಸಿರಿ. ‘ಎಲ್ಲರೂ’ ಎಂಬ ಉತ್ತರ ಬಂದರೆ ನಿಮ್ಮ ಊರು ಉಳಿದಿದೆಯೆಂದು ತಿಳಿಯಿರಿ. ‘ಯಾರೂ ಇಲ್ಲ’ ಎಂದಾದರೆ, ಆ ಕೆಲಸವನ್ನು ಆರಂಭಿಸುವ ಹೊಣೆ ನಿಮ್ಮದಾಗಿದೆ.